ಹಳೇ ಒದೆತ, ಹೊಸ ಮೈ

ಫೈಟಿಂಗ್ ಗೇಮ್‌ನ ಹೊಸ ಭಾಗ ಬಂತೆಂದರೆ ಮುಂಬೈಯ ನಮ್ಮ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಜಗಳ ಶುರು. ದುಡ್ಡು ಹೊಸದಾಗಿ ಕೊಟ್ಟೆವು, ಒದೆತ ಮಾತ್ರ ಹಳೇದೇ ಎಂದು ಕೆಲವರು. ನನ್ನ ಕ್ಯಾರೆಕ್ಟರ್ ಕೈಗೇ ಹತ್ತುತ್ತಿಲ್ಲ ಎಂದು ಇನ್ನು ಕೆಲವರು. 2024ರ ಜನವರಿಯಲ್ಲಿ ಬಂದ ಟೆಕ್ಕನ್ 8ರಲ್ಲಿ ಪಾತ್ರಗಳ ಮೈ, ಅಂದರೆ ಮಾಡೆಲ್‌ಗಳು ಹೊಸವು, ಎಷ್ಟೋ ಏಟುಗಳ ಚಲನೆ ಹಳೆಯದು. ಹಾಗಾಗಿ ಎರಡು ದೂರಿಗೂ ಜಾಗ ಸಿಕ್ಕಿತು.

1991ರ ಸ್ಟ್ರೀಟ್ ಫೈಟರ್ 2ಕ್ಕೆ ಕೈಯಲ್ಲಿ ಬಿಡಿಸಿದ ಚಿತ್ರ, ಮರುವರ್ಷ ಮಾರ್ಟಲ್ ಕಾಂಬ್ಯಾಟ್‌ಗೆ ಕ್ಯಾಮೆರಾದಲ್ಲಿ ಹಿಡಿದ ನಟರು, 1993ರ ವರ್ಚುವಾ ಫೈಟರ್‌ನಿಂದ ಪಾಲಿಗಾನ್ ಬೊಂಬೆಗಳು (ಕಂಪ್ಯೂಟರ್ ಚಪ್ಪಟೆ ತುಂಡುಗಳನ್ನು ಜೋಡಿಸಿ ಕಟ್ಟಿದ ಮೂರು ಆಯಾಮದ ಮೈ): ತಾಂತ್ರಿಕ ಚರಿತ್ರೆ ಇಷ್ಟೇ. ಆದರೆ ಹೋಟೆಲ್ ಕೆಲಸವೋ ರಾತ್ರಿ ಶಾಲೆಯೋ ಮುಗಿಸಿ ಇಲ್ಲಿನ ಗೇಮ್ ಪಾರ್ಲರ್‌ಗೆ ನುಗ್ಗುತ್ತಿದ್ದವರಿಗೆ ಗೇಮ್ ಅಂದರೆ ಕಿಂಗ್ ಆಫ್ ಫೈಟರ್ಸ್, ಅದರಲ್ಲೂ 1997ರ ಭಾಗ.

ಆ ಸರಣಿ 1994ರಲ್ಲಿ ಹುಟ್ಟಿ ವರ್ಷಕ್ಕೊಂದು ಭಾಗದಂತೆ ಬರುತ್ತಿತ್ತು. ಅಷ್ಟು ಬೇಗ ಎಲ್ಲರನ್ನೂ ಮತ್ತೆ ಬಿಡಿಸುವುದು ಆಗದ ಮಾತು. ಹಳೆಯ ಸ್ಪ್ರೈಟ್‌ಗೆ, ಅಂದರೆ ಪಾತ್ರದ ಬಿಡಿಸಿದ ಚಿತ್ರಗಳಿಗೆ, ನಾಲ್ಕು ಹೊಸ ಮೂವ್ ಸೇರಿಸಿದರೆ ಮುಂದಿನ ಭಾಗ ತಯಾರು. 96ರಲ್ಲಿ ಮಾತ್ರ ದೊಡ್ಡ ಮಟ್ಟದಲ್ಲಿ ಕೈಯಾಡಿಸಿದರು. ನೆಲದ ಮೇಲೆ ಬೆಂಕಿ ಹರಿಸುತ್ತಿದ್ದ ನಾಯಕ ಕ್ಯೋ ಅದನ್ನು ಕಳೆದುಕೊಂಡು, ಹತ್ತಿರ ನುಗ್ಗಿ ಸಾಲಾಗಿ ಗುದ್ದುವವನಾದ. 98ರಲ್ಲಿ ಬೆಂಕಿಯ ಕ್ಯೋನನ್ನು ಬೇರೆಯಾಗಿ ಆರಿಸಿಕೊಳ್ಳುವ ಅವಕಾಶ ಕೊಟ್ಟರು. ಹಳೆಯದನ್ನು ಕೇಳುವವರು ಎಷ್ಟಿದ್ದರು ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

2009ರ ಹನ್ನೆರಡನೇ ಭಾಗದಲ್ಲಿ ಎಲ್ಲವನ್ನೂ ಹೊಸದಾಗಿ ಬಿಡಿಸಿದರು. ಮೊದಲು ಮೂರು ಆಯಾಮದ ಮಾಡೆಲ್, ಅದರ ಮೇಲೆ ಕೈಯಿಂದ ಚುಕ್ಕೆ ಚುಕ್ಕೆಯಾಗಿ ಚಿತ್ರ. ಸ್ನಾಯುಗಳ ಅಲುಗಾಟ ನೋಡಲು ಕಣ್ಣಿಗೆ ಹಬ್ಬ. ಆರ್ಕೇಡ್‌ನಲ್ಲಿ ಸಿಕ್ಕವರು ಬರೀ 20 ಮಂದಿ. ಸರಣಿಯ ಹೆಸರಾಂತ ಹೋರಾಟಗಾರ್ತಿ ಮಾಯ್ ಕೂಡ ಇಲ್ಲ! ಹೊಸ ಚಿತ್ರ ಬೇಕೆಂದು ಕೂಗಿದವರೇ ನಮ್ಮವರೆಲ್ಲಿ ಎಂದು ಕೇಳಿದರು. 2016ರ ಹದಿನಾಲ್ಕನೇ ಭಾಗ ಪೂರ್ತಿ ಮೂರು ಆಯಾಮಕ್ಕೆ ಹೊರಳಿತು, 50 ಜನ ಬಂದರು; ಆಗ ಪ್ಲಾಸ್ಟಿಕ್ ಬೊಂಬೆ ಎಂಬ ತಕರಾರು.

ಒಂದು ಏಟನ್ನು ಮತ್ತೆ ಬಿಡಿಸುವುದು ಬಟ್ಟೆ ಬದಲಿಸಿದಷ್ಟು ಸುಲಭವಲ್ಲ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರ. ಅದರಲ್ಲಿ ಕೈ ಎತ್ತುವುದಕ್ಕೆ ಕೆಲವು, ತಾಗುವುದಕ್ಕೆ ಕೆಲವು, ಕೈ ಹಿಂದಕ್ಕೆ ಬರುವುದಕ್ಕೆ ಇನ್ನಷ್ಟು. 6 ಫ್ರೇಮ್‌ನಲ್ಲಿ ತಾಗುವ ಗುದ್ದಿಗೆ ಹತ್ತನೇ ಒಂದು ಸೆಕೆಂಡ್ ಮಾತ್ರ. ಚೆಂದ ಕಾಣಲೆಂದು ತೋಳನ್ನು ಇನ್ನಷ್ಟು ಹಿಂದಕ್ಕೆ ಎಳೆಸಿದರೆ ಗುದ್ದು ನಿಧಾನವಾಗುತ್ತದೆ. ಲೆಕ್ಕ ಹಾಗೇ ಇಟ್ಟು ಭಂಗಿ ಮಾತ್ರ ಬದಲಿಸಿದರೆ, ಎದುರಾಳಿಯ ಭುಜ ನೋಡಿ ತಡೆಯಲು ಕಲಿತವನ ಕಣ್ಣು ಮೋಸ ಹೋಗುತ್ತದೆ. 2014ರ ಗಿಲ್ಟಿ ಗಿಯರ್ ಝರ್ಡ್‌ನವರು ಮೂರು ಆಯಾಮದ ಮಾಡೆಲ್ ಇದ್ದರೂ ನಡುವಿನ ಚಲನೆಯನ್ನು ಕಂಪ್ಯೂಟರ್‌ಗೆ ಬಿಡದೆ, ಭಂಗಿಯಿಂದ ಭಂಗಿಗೆ ಜಿಗಿಸಿದರು. ಆಟ ಕೈಯಲ್ಲಿ ಬಿಡಿಸಿದ ಹಾಗೇ ಕಂಡಿತು.

ಇಷ್ಟೆಲ್ಲ ಇರುವಾಗ ಹಳೆಯ ಏಟು ಉಳಿದರೆ ಸೋಮಾರಿತನ ಎಂದುಬಿಡುವುದು ಸುಲಭ. ನಿಲ್ಲುವ, ನಡೆಯುವ, ಗೆದ್ದು ಮೆರೆಯುವ ಭಂಗಿಗಳು ಮೂರನೇ ಭಾಗಕ್ಕೂ ಹಾಗೇ ಬಂದರೆ ಬೈಯಲಿ, ಅದಕ್ಕೆ ನನ್ನ ತಕರಾರಿಲ್ಲ. ಅವು ಬದಲಾದರೆ ಯಾರ ಕಾಂಬೊ, ಅಂದರೆ ಸಾಲಾಗಿ ಬೀಳುವ ಏಟುಗಳ ಲೆಕ್ಕ, ಕೂಡ ತಪ್ಪುವುದಿಲ್ಲ.