ಪದ ಪರಿಚಯ: ಸ್ವಾಯತ್ತತೆ

ಮಂಗಳೂರಿನವರಿಗೆ ಇದು ಹೊಸ ಪದವೇನಲ್ಲ. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜು 2007ರಲ್ಲಿ ಸ್ವಾಯತ್ತವಾಯಿತು. ಅಂದಿನಿಂದ ಪಠ್ಯ, ಪರೀಕ್ಷೆ ಕಾಲೇಜಿನದೇ. 2024ರಲ್ಲಿ ಅದೇ ಡೀಮ್ಡ್ ವಿಶ್ವವಿದ್ಯಾಲಯ ಆಗುವವರೆಗೆ ಪದವಿ ಕೊಡುತ್ತಿದ್ದುದು ಮಾತ್ರ ಮಂಗಳೂರು ವಿಶ್ವವಿದ್ಯಾಲಯ.

ಪದವನ್ನು ಬಿಡಿಸಿದರೆ ‘ಸ್ವ’ ಅಂದರೆ ತನ್ನ, ‘ಆಯತ್ತ’ ಅಂದರೆ ಹಿಡಿತದಲ್ಲಿರುವುದು. ಹಿಡಿತ ಇದ್ದೇ ಇರುತ್ತದೆ, ಅದು ಯಾರ ಕೈಯಲ್ಲಿ ಅನ್ನುವುದಷ್ಟೇ ಪ್ರಶ್ನೆ. ಮನಸ್ಸಿಗೆ ಬಂದಂತೆ ನಡೆಯುವುದಕ್ಕೆ ಸ್ವೇಚ್ಛೆ ಅನ್ನುತ್ತಾರೆ, ಅದು ಬೇರೆ.

ಸರ್ಕಾರಿ ಶಾಲೆಗೆ ಬನ್ನಿ. ಪಠ್ಯಪುಸ್ತಕ, ಶಿಕ್ಷಕರ ನೇಮಕ, ವರ್ಗಾವಣೆಯ ನಿಯಮ ಎಲ್ಲ ಬೆಂಗಳೂರಿನಿಂದ. ಜಿಲ್ಲೆಯ ಶಿಕ್ಷಣಾಧಿಕಾರಿ (ಡಿಡಿಪಿಐ), ತಾಲೂಕಿನ ಶಿಕ್ಷಣಾಧಿಕಾರಿ (ಬಿಇಒ), ಕೆಲವು ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿಆರ್‌ಪಿ ದಾಟಿ ಆದೇಶ ಮುಖ್ಯ ಶಿಕ್ಷಕರ ಮೇಜಿಗೆ ಬರುತ್ತದೆ. ಇದರಲ್ಲಿ ತಪ್ಪಿಲ್ಲ. ಬೈಂದೂರಿನ ಮಗುವಿಗೂ ಬೀದರಿನ ಮಗುವಿಗೂ ಒಂದೇ ಪುಸ್ತಕ ಸಿಗಬೇಕಲ್ವಾ?

ಆದರೆ ಮಳೆರಜೆ ನೋಡಿ. ಉಡುಪಿ ಜಿಲ್ಲೆಯಲ್ಲಿ, ಕಡಲ ಬದಿಯ ಮಲ್ಪೆಯಲ್ಲಿ ಬಿಸಿಲಿದ್ದಾಗ ಘಟ್ಟದ ಬುಡದ ಹೆಬ್ರಿಯ ಕಡೆ ಹೊಳೆ ತುಂಬಿರಬಹುದು. ಇಡೀ ಜಿಲ್ಲೆಗೆ ಒಂದೇ ರಜೆ ಕೊಟ್ಟರೆ ಒಂದು ಕಡೆ ಸುಮ್ನೆ ಪಾಠ ಹೋಗುತ್ತದೆ, ಕೊಡದಿದ್ದರೆ ಇನ್ನೊಂದು ಕಡೆ ಜೀವಭಯ. ನಮ್ಮ ಕಡೆ ಮಕ್ಕಳು ಇಂದಿಗೂ ಕಾಲುಸಂಕ ದಾಟಿ ಶಾಲೆಗೆ ಬರುತ್ತಾರೆ. ತೋಡಿನ ಮೇಲೆ ಅಡ್ಡ ಹಾಕಿದ ನಾಲ್ಕು ಅಡಿಕೆ ಮರ, ಹಿಡಿಯಲು ಒಂದು ಬಿದಿರು, ಮೇಲೆ ಪಾಚಿ. ಯಾವ ಮಗು ಯಾವ ಸಂಕ ದಾಟುತ್ತದೆ ಅನ್ನುವುದು ಮುಖ್ಯ ಶಿಕ್ಷಕಿಗೆ ಗೊತ್ತು, ಜಿಲ್ಲಾ ಕಚೇರಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಬಾಗಿಲು ತೆರೆಯಬೇಕೋ ಬೇಡವೋ ಎಂದು ಆ ದಿನ ಹೇಳುವ ಹಕ್ಕು ಅವರಿಗಿರಬೇಕು. ಸ್ವಾಯತ್ತತೆ ಅಂತ ನಾನು ಕೇಳುವುದು ಇದನ್ನೇ. ಬಿಸಿಯೂಟಕ್ಕೆ ಕುಚ್ಚಲಕ್ಕಿಯೋ ಬೆಳ್ತಿಗೆ ಅಕ್ಕಿಯೋ ಅನ್ನುವುದೂ ಇದೇ ಜಾತಿಯ ಪ್ರಶ್ನೆ.

ಹಕ್ಕು ಊರಿಗೆ ಬಂದರೆ ಊರಿನ ದೊಡ್ಡವರೇ ಶಾಲೆ ಆಳುತ್ತಾರೆ ಅನ್ನುವ ಭಯ ಸುಳ್ಳಲ್ಲ. ಅದಕ್ಕೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರುವುದು. ಕರ್ನಾಟಕದಲ್ಲಿ ಇದು 2001ರಿಂದ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು ಅನ್ನುತ್ತದೆ. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಈ ಸಮಿತಿಯ ಕೆಲಸ. ಎಷ್ಟೋ ಕಡೆ ಅದು ನಿರ್ಣಯ ಪುಸ್ತಕಕ್ಕೆ ಸಹಿ ಹಾಕುವುದರಲ್ಲೇ ಮುಗಿಯುತ್ತದೆ. ಬೀಡಿ ಕಟ್ಟುವ ಅಮ್ಮ ಅರ್ಧ ದಿನದ ಮಜೂರಿ ಬಿಟ್ಟು ಸಭೆಗೆ ಬಂದಿರುತ್ತಾರೆ. ಸಹಿಗೆ ಮೊದಲು ಅವರಿಗೆ ಆ ಪುಟ ಓದಿ ಹೇಳಿ, ಮಗು ದಾಟುವ ಕಾಲುಸಂಕ ಯಾವುದು ಅಂತ ಕೇಳಿ ಬರೆದುಕೊಳ್ಳಿ.