ಡಾಲ್ಫಿನ್ ಜೊತೆ ಈಜುವ ಮೊದಲು: ಅದು ಎದ್ದಿದೆಯಾ?

ಹವಾಯಿಗೆ ಹೋದ ಪ್ರವಾಸಿಗರಿಗೆ ಎಷ್ಟೋ ವರ್ಷ ಒಂದು ದೊಡ್ಡ ಆಕರ್ಷಣೆ ಇತ್ತು. ಬೆಳಿಗ್ಗೆ ದೋಣಿಯಲ್ಲಿ ಕೊಲ್ಲಿಗೆ ಹೋಗುವುದು, ಮಾಸ್ಕ್ ಹಾಕಿಕೊಂಡು ನೀರಿಗಿಳಿಯುವುದು, ಸ್ಪಿನ್ನರ್ ಎಂಬ ಜಾತಿಯ ಡಾಲ್ಫಿನ್‌ಗಳ ಜೊತೆ ಈಜುವುದು. ಅವು ಗಾಬರಿಯಾಗಿ ಓಡುವುದಿಲ್ಲ. ಒಂದಕ್ಕೊಂದು ಒತ್ತಿಕೊಂಡು, ನಿಧಾನವಾಗಿ, ಸದ್ದಿಲ್ಲದೆ ಸಾಗುತ್ತವೆ. ಎಂಥ ಶಾಂತ ಜೀವಿಗಳು, ನಮ್ಮನ್ನು ತಮ್ಮವರೆಂದು ಒಪ್ಪಿಕೊಂಡವು ಅಂತ ಜನ ಸಂಭ್ರಮಪಡುತ್ತಿದ್ದರು. ಆದರೆ ಅದು ಅವುಗಳ ಮಲಗುವ ಹೊತ್ತು.

ಈಜುತ್ತಲೇ ನಿದ್ದೆ ಹೇಗೆ ಸಾಧ್ಯ? ಪ್ರಾಣಿಲೋಕದಲ್ಲಿ ನನಗೆ ಅತ್ಯಂತ ಇಷ್ಟವಾದ ವಿಷಯ ಇದು. ನಾವು ಮಲಗಿದರೂ ಉಸಿರಾಟ ತಾನಾಗಿ ನಡೆಯುತ್ತದೆ. ಡಾಲ್ಫಿನ್‌ಗೆ ಹಾಗಲ್ಲ. ಪ್ರತಿ ಉಸಿರಿಗೂ ಅದು ಮೇಲೆ ಬಂದು, ನೆತ್ತಿಯ ಮೇಲಿನ ಮೂಗನ್ನು ತಾನೇ ತೆರೆಯಬೇಕು. 1955ರಲ್ಲಿ ಫ್ಲಾರಿಡಾದಲ್ಲಿ ಸಂಶೋಧಕರು ಮಿದುಳಿನ ಅಧ್ಯಯನಕ್ಕೆಂದು ಕೆಲವು ಡಾಲ್ಫಿನ್‌ಗಳಿಗೆ ಅರಿವಳಿಕೆ ಕೊಟ್ಟರು. ಅವು ಉಸಿರಾಡುವುದನ್ನೇ ನಿಲ್ಲಿಸಿ ಸತ್ತುಹೋದವು.

ಮೈಮರೆತು ಮಲಗುವಂತಿಲ್ಲ, ಮಲಗದೆ ಇರುವಂತೆಯೂ ಇಲ್ಲ. ಇದಕ್ಕೆ ಡಾಲ್ಫಿನ್ ಕಂಡುಕೊಂಡ ದಾರಿ ಏನೆಂದು ಗೊತ್ತಾಗಿದ್ದು 1970ರ ದಶಕದಲ್ಲಿ. ಸೋವಿಯತ್ ವಿಜ್ಞಾನಿ ಲೆವ್ ಮುಖಾಮೆಟೊವ್ ಮತ್ತು ಅವರ ಸಂಗಡಿಗರು ಬಾಟಲ್‌ನೋಸ್ ಎಂಬ ಇನ್ನೊಂದು ಜಾತಿಯ ಡಾಲ್ಫಿನ್‌ಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಮಿದುಳಿನ ಒಂದು ಅರ್ಧದಲ್ಲಿ ಗಾಢ ನಿದ್ದೆಯ ನಿಧಾನ ಅಲೆಗಳಿದ್ದವು. ಅದೇ ಹೊತ್ತಿಗೆ ಇನ್ನೊಂದು ಅರ್ಧದಲ್ಲಿ ಎಚ್ಚರದ ಚುರುಕು ಅಲೆಗಳು! ಆಮೇಲೆ ಅದಲುಬದಲು. ಕಾವಲಿಗಿರುವ ಇಬ್ಬರು ಸರದಿಯಲ್ಲಿ ಮಲಗಿದ ಹಾಗೆ. ಇಲ್ಲಿ ಇಬ್ಬರೂ ಒಂದೇ ತಲೆಯೊಳಗಿದ್ದಾರೆ, ಅಷ್ಟೇ. ಕಣ್ಣಿನ ನರಗಳು ಅಡ್ಡ ದಾಟಿ ಎದುರು ಬದಿಯ ಮಿದುಳಿಗೆ ಹೋಗುತ್ತವೆ. ಹಾಗಾಗಿ ಎಡ ಮಿದುಳು ಮಲಗಿದಾಗ ಸಾಮಾನ್ಯವಾಗಿ ಮುಚ್ಚಿರುವುದು ಬಲಗಣ್ಣು.

ಸ್ಪಿನ್ನರ್‌ಗಳಿಗೆ ಹಗಲಲ್ಲೇ ಯಾಕೆ ನಿದ್ದೆ? ಅವುಗಳ ಊಟ ರಾತ್ರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸದ್ದು ಕಳಿಸಿ ಅದರ ಪ್ರತಿಧ್ವನಿಯಿಂದ ನೀರಿನೊಳಗೆ ಏನಿದೆ ಎಂದು ತಿಳಿಯುವ ಅಮೆರಿಕದ ಸೋನಾರ್ ಯಂತ್ರಗಳಿಗೆ ಸಮುದ್ರದ ಮಧ್ಯೆ ಸುಳ್ಳು ತಳವೊಂದು ಕಾಣಿಸುತ್ತಿತ್ತು. ಹಗಲು ಆಳಕ್ಕಿಳಿಯುತ್ತಿತ್ತು, ರಾತ್ರಿ ಮೇಲೇರುತ್ತಿತ್ತು. ಅದು ಸಣ್ಣ ಮೀನು, ಸಿಗಡಿ, ಸ್ಕ್ವಿಡ್‌ಗಳ ದಟ್ಟ ಪದರ. ಕತ್ತಲಾದ ಮೇಲೆ ಅದು ಮೇಲೆ ಬಂದಾಗ ಸ್ಪಿನ್ನರ್‌ಗಳು ಬೇಟೆಯಾಡುತ್ತವೆ. ಬೆಳಗಾದಾಗ ದಣಿದು ಕೊಲ್ಲಿಗೆ ಮರಳುತ್ತವೆ.

ಅವು ಹುಡುಕುವುದು ಬಿಳಿ ಮರಳಿನ ತಳವಿರುವ, ಆಳ ಕಡಿಮೆ ಇರುವ ಜಾಗ. ವಿಶ್ರಾಂತಿಯಲ್ಲಿ ಅವು ಸುತ್ತಲನ್ನು ತಡಕುವ ಕ್ಲಿಕ್ ಸದ್ದನ್ನು ಬಹುಪಾಲು ನಿಲ್ಲಿಸುತ್ತವೆ. ಆಗ ಕಾಯುವುದು ಕಣ್ಣೇ. ತಿಳಿ ಮರಳಿನ ಮೇಲೆ ಬರುವ ಶಾರ್ಕ್ ಬೇಗ ಕಾಣುತ್ತದೆ ಅಲ್ವಾ? ಅಂಥ ಜಾಗಕ್ಕೆ ನಾವು ಇಳಿದರೆ ಆ ಕಣ್ಣು ನಮ್ಮನ್ನೂ ಗಮನಿಸಬೇಕು. ಅವು ತಪ್ಪಿಸಿಕೊಂಡು ಬೇರೆ ಕಡೆ ಹೋದರೆ, ರಾತ್ರಿಯ ಬೇಟೆಗೆ ಕೂಡಿಡಬೇಕಾದ ಶಕ್ತಿ ಅಲ್ಲೇ ಖರ್ಚು.

ಇಲ್ಲಿ ನನಗೆ ಜಾಸ್ತಿ ಬೇಸರ ತರಿಸುವುದು ‘ಡಾಲ್ಫಿನ್ ಚಿಕಿತ್ಸೆ’ಯ ಪ್ರಚಾರ. ಡಾಲ್ಫಿನ್‌ನ ಸೋನಾರ್, ಅಂದರೆ ಆ ಕ್ಲಿಕ್ ಸದ್ದು, ಮೈಗೆ ತಾಗಿದರೆ ಖಿನ್ನತೆ, ಆಟಿಸಂ ಎಲ್ಲ ವಾಸಿಯಾಗುತ್ತದಂತೆ. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಅದೂ ಅಲ್ಲದೆ, ಬೆಳಗಿನ ಕೊಲ್ಲಿಯಲ್ಲಿ ಈ ಪ್ರಾಣಿಗಳು ಆ ಸದ್ದನ್ನೇ ನಿಲ್ಲಿಸಿ ಮಲಗಿರುತ್ತವೆ. ಕಷ್ಟದಲ್ಲಿರುವ ಅಪ್ಪ ಅಮ್ಮಂದಿರಿಗೆ ಇಂಥ ಆಸೆ ಹುಟ್ಟಿಸಿ ದುಡ್ಡು ಕೀಳುವುದು ಅನ್ಯಾಯ. ಡಾಲ್ಫಿನ್‌ನ ‘ನಗು’ ಕೂಡ ದವಡೆಯ ಆಕಾರ. ನೋವಿದ್ದರೂ ಅದು ಹಾಗೇ ಇರುತ್ತದೆ.

ಪ್ರೀತಿಯಿಂದಲೇ ಹಾನಿ ಮಾಡುವ ಈ ಕಥೆ ಹಳೆಯದು. ರೋಮನ್ ಅಧಿಕಾರಿ ಕಿರಿಯ ಪ್ಲಿನಿ ಸುಮಾರು 1900 ವರ್ಷಗಳ ಹಿಂದೆ ಒಂದು ಪತ್ರದಲ್ಲಿ ಇಂಥದ್ದನ್ನು ಬರೆದಿದ್ದಾನೆ. ಉತ್ತರ ಆಫ್ರಿಕಾದ ಹಿಪ್ಪೋ ಎಂಬ ಊರಲ್ಲಿ ಸಮುದ್ರದ ಡಾಲ್ಫಿನ್ ಒಂದು ಈಜುವ ಹುಡುಗನ ಗೆಳೆಯನಾಯಿತು. ಅವನನ್ನು ಬೆನ್ನ ಮೇಲೆ ಹೊತ್ತು ಈಜುತ್ತಿತ್ತು. ನೋಡಲು ಜನ ಮುಗಿಬಿದ್ದರು. ಒಬ್ಬ ಅಧಿಕಾರಿ ಭಕ್ತಿಯಿಂದ ಅದರ ಮೈಗೆ ಸುಗಂಧದ್ರವ್ಯ ಸುರಿದ. ಅದು ಬಳಲಿ ಕೆಲವು ದಿನ ಕಾಣಿಸಲಿಲ್ಲ. ಡಾಲ್ಫಿನ್ ನೋಡಲು ಬರುವ ದೊಡ್ಡವರ ಉಪಚಾರದ ಖರ್ಚು ಊರಿಗೆ ತಾಳಲಾಗಲಿಲ್ಲ. ಕೊನೆಗೆ ಅದನ್ನು ಗುಟ್ಟಾಗಿ ಕೊಂದರು.

ಈಗ ಕಾನೂನು ಬಂದಿದೆ. ಹವಾಯಿಯ ತೀರದಿಂದ 2 ನಾಟಿಕಲ್ ಮೈಲಿಯೊಳಗೆ ಸ್ಪಿನ್ನರ್‌ಗಳ ಜೊತೆ ಈಜುವುದನ್ನು, 50 ಗಜಕ್ಕಿಂತ ಹತ್ತಿರ ಹೋಗುವುದನ್ನು 2021ರಲ್ಲಿ ನಿಷೇಧಿಸಿದರು. ನ್ಯೂಜಿಲೆಂಡ್‌ನ ಬೇ ಆಫ್ ಐಲೆಂಡ್ಸ್‌ನಲ್ಲಿ ಬಾಟಲ್‌ನೋಸ್‌ಗಳ ಸಂಖ್ಯೆ ತೀರಾ ಇಳಿದಿತ್ತು. 2019ರಲ್ಲಿ ಅಲ್ಲೂ ಪ್ರವಾಸಿಗರು ಅವುಗಳ ಜೊತೆ ಈಜುವುದು ನಿಂತಿತು. ಅದೇ ದೇಶದ ಕೈಕೌರಾದಲ್ಲಿ ಡಸ್ಕಿ ಡಾಲ್ಫಿನ್‌ಗಳ ಜೊತೆ ಪರವಾನಗಿ ಇದ್ದವರ ದೋಣಿಯಲ್ಲಿ ಹೋಗಿ ಈಜಬಹುದು. ಜಾತಿ ಬೇರೆ, ಜಾಗ ಬೇರೆ, ನಿಯಮವೂ ಬೇರೆ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಕೆಂಪು ಸಮುದ್ರದಲ್ಲಿ, ಈಜಿಪ್ಟಿನ ಸಮಾದಾಯಿ ಹವಳದ ದಿಬ್ಬದಲ್ಲಿ 2004ರಿಂದ ಇರುವ ವ್ಯವಸ್ಥೆ. ಅಲ್ಲೂ ಸ್ಪಿನ್ನರ್‌ಗಳು ಹಗಲು ಮಲಗುತ್ತವೆ. ಒಳಭಾಗ ಅವುಗಳಿಗೆ ಮಾತ್ರ ಮೀಸಲು. ಈಜುವವರು ಪಕ್ಕದ ವಲಯದಲ್ಲಿರಬೇಕು. ಹತ್ತಿರ ಬರುವುದೋ ಬೇಡವೋ ಎಂಬುದು ಡಾಲ್ಫಿನ್‌ಗೆ ಬಿಟ್ಟಿದ್ದು.