ಬೇಟೆಯ ಕ್ವಾರಿಗೂ ಕಲ್ಲಿಗೂ ಸಂಬಂಧವಿಲ್ಲ

'ಚಿರತೆ ತನ್ನ ಕಲ್ಲುಗಣಿಯ ಹಿಂದೆ ಓಡಿತು.' ಮೊನ್ನೆ ಒಂದು ಕಾಡಿನ ಚಿತ್ರ ನೋಡುವಾಗ ಪರದೆಯ ಕೆಳಗೆ ಬಂದ ಕನ್ನಡ ಸಾಲು ಇದು. ಪರದೆ ಮೇಲೆ ಇದ್ದದ್ದು ಒಂದು ಜಿಂಕೆ. ಇಂಗ್ಲಿಷಿನ 'ಕ್ವಾರಿ' ಕಂಡ ಕೂಡಲೇ ಜಲ್ಲಿ, ಲಾರಿ, ಧೂಳನ್ನೇ ನೆನೆದು ಅನುವಾದ ಮಾಡುವುದನ್ನು ನಾನು ನೋಡುತ್ತಿರುವುದು ಇದೇ ಮೊದಲಲ್ಲ.

ಇಂಗ್ಲಿಷಿನಲ್ಲಿ ಕ್ವಾರಿ ಅಂದರೆ ಕಲ್ಲುಗಣಿಯೂ ಹೌದು, ಬೇಟೆಯಲ್ಲಿ ಅಟ್ಟಿಸಿಕೊಂಡು ಹೋಗುವ ಪ್ರಾಣಿಯೂ ಹೌದು. ಆದರೆ ಇವು ಎರಡು ಬೇರೆ ಬೇರೆ ಪದಗಳು. ಸುಮ್ನೆ ಒಂದೇ ಕಾಗುಣಿತಕ್ಕೆ ಬಂದು ನಿಂತಿವೆ. ಕಲ್ಲು ಕ್ವಾರಿಯ ಬೇರು ಲ್ಯಾಟಿನ್ನಿನಲ್ಲಿ ಚೌಕ ಅನ್ನುವ ಅರ್ಥದ ಪದ. ಕಲ್ಲನ್ನು ಚೌಕವಾಗಿ ಕಡಿಯುವ ಜಾಗ, ಅಷ್ಟೆ.

ಬೇಟೆಯ ಕ್ವಾರಿಯ ಕತೆ ನಾಯಿಗಳಿಂದ ಶುರುವಾಗುತ್ತದೆ. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ದೊರೆಗಳ ಬೇಟೆಯ ಮಾತೆಲ್ಲ ಫ್ರೆಂಚ್ ಆಯಿತು. ಸಾರಂಗ ಬಿದ್ದ ಮೇಲೆ ಅದರ ಚರ್ಮ ಸುಲಿದು ನೆಲಕ್ಕೆ ಹಾಸುತ್ತಿದ್ದರು. ಅದರ ಮೇಲೆ ಕರುಳು, ಗುಂಡಿಗೆ, ರಕ್ತದಲ್ಲಿ ನೆನೆಸಿದ ರೊಟ್ಟಿ. ದಿನವಿಡೀ ಓಡಿ ದಣಿದ ನಾಯಿಗಳ ಪಾಲು ಅದು. ಈ ಪಾಲಿಗೆ ಮೊದಲು ಇದ್ದ ಹೆಸರು 'ಕೂರೇ', ಅಂದರೆ ಒಳಗಿನ ಅಂಗಗಳು. ಅದರ ಬೇರು ಲ್ಯಾಟಿನ್ನಿನ 'ಕೋರ್', ಹೃದಯ. ಆದರೆ ಪಾಲು ಬಡಿಸುತ್ತಿದ್ದದ್ದು ಚರ್ಮದ ಮೇಲೆ ಅಲ್ವಾ? ಫ್ರೆಂಚಿನಲ್ಲಿ ಚರ್ಮಕ್ಕೆ 'ಕ್ವೀರ್' ಅನ್ನುತ್ತಾರೆ. ಆ ಪದದ ನೆರಳು ಬಿದ್ದು 'ಕೂರೇ' ಹೋಗಿ 'ಕ್ವೀರೇ' ಆಯಿತು. ಇಂಗ್ಲಿಷಿನವರ ಬಾಯಲ್ಲಿ ಅದೇ ಸವೆದು ಕ್ವಾರಿ. ಒಂದೇ ಪದದೊಳಗೆ ಗುಂಡಿಗೆಯೂ ಇದೆ, ಅದನ್ನು ಬಡಿಸಿದ ಚರ್ಮವೂ ಇದೆ. ನನಗೆ ಈ ಪದ ಇಷ್ಟವಾಗುವುದೇ ಇದಕ್ಕೆ.

ಆಮೇಲೆ ಅರ್ಥ ಜಾರಿತು. ನಾಯಿ ಪಾಲಿನಿಂದ ಕೊಂದ ಪ್ರಾಣಿಗಳ ರಾಶಿಗೆ, ಅಲ್ಲಿಂದ ಅಟ್ಟಿಸಿಕೊಂಡು ಹೋಗುವ ಪ್ರಾಣಿಗೆ. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದಲ್ಲಿ ಮ್ಯಾಕ್‌ಡಫ್ ಅನ್ನುವ ಸರದಾರನಿಗೆ ಅವನ ಹೆಂಡತಿ ಮಕ್ಕಳ ಕೊಲೆಯ ಸುದ್ದಿ ಹೇಳುವಾಗ ಈ ಪದ ಬರುತ್ತದೆ. ಅಲ್ಲಿ ಅದು ಕೊಂದ ಜಿಂಕೆಗಳ ರಾಶಿ, ಸತ್ತ ಹೆಂಡತಿ ಮಕ್ಕಳನ್ನೇ ಹಾಗೆ ಕರೆದದ್ದು. ಓಡುವ ಪ್ರಾಣಿ ಅಂತ ಓದಿದರೆ ಆ ಸಾಲಿನ ಭೀಕರತೆಯೇ ಹೋಗುತ್ತದೆ.

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? 'ಬೇಟೆ' ಅಂತ ಬರೆಯುವವರು ಜಾಸ್ತಿ. ತಪ್ಪಲ್ಲ, ಆದರೆ ತೊಡಕಿದೆ. 'ಹುಲಿ ಬೇಟೆ' ಅಂದರೆ ಹುಲಿ ಆಡಿದ ಬೇಟೆಯೋ, ಹುಲಿಯನ್ನೇ ಕೊಲ್ಲುವ ಬೇಟೆಯೋ? ಬೇಟೆ ಅನ್ನುವುದು ಕೆಲಸಕ್ಕೂ ಹೆಸರು, ಪ್ರಾಣಿಗೂ ಹೆಸರು. ನಮ್ಮಲ್ಲಿ 'ಮಿಕ' ಇದೆಯಲ್ಲ! ಮೃಗ, ಮಿಗ, ಮಿಕ. 'ಒಳ್ಳೆ ಮಿಕ ಸಿಕ್ಕಿತು' ಅಂತ ಮೋಸಗಾರರ ಬಲೆಗೆ ಬಿದ್ದವರ ಬಗ್ಗೆ ಹೇಳುವಾಗ ಎಲ್ಲರಿಗೂ ಈ ಪದ ಬರುತ್ತದೆ. ಕಾಡಿನ ಚಿತ್ರಕ್ಕೆ ಬರೆಯುವಾಗ ಮಾತ್ರ ಯಾಕೆ ಮರೆಯಬೇಕು? ಇಂಗ್ಲಿಷಿನ ಕ್ವಾರಿಯ ಹಾಗೆ ಇದೂ ಪ್ರಾಣಿಗೂ ಸಲ್ಲುತ್ತದೆ, ಮನುಷ್ಯರಿಗೂ ಸಲ್ಲುತ್ತದೆ. ಚಿರತೆ ತನ್ನ ಮಿಕದ ಹಿಂದೆ ಓಡಿತು ಅಂತ ಬರೆದಿದ್ದರೆ ಸಾಕಿತ್ತು.